ಮೂರು ಸಲ ಕಟ್ಟಿದ ಕೊಳ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಹಿತ್ತಿಲಲ್ಲಿ ಈಜುಕೊಳ ಕಟ್ಟಿಸುವ ಮಾತನ್ನು ಎತ್ತಲಿಲ್ಲ. ಎತ್ತುವ ಅಗತ್ಯವೂ ಅವರಿಗಿರಲಿಲ್ಲವೆನ್ನಿ. ಈಜು ಕಲಿಯುವ ಹುಡುಗನಿಗೆ ಊರಾಚೆಯ ಕೆರೆಯಿತ್ತು, ತೋಟದ ಬಾವಿಯಿತ್ತು, ಬೆನ್ನಿಗೆ ಕಟ್ಟಿಕೊಳ್ಳಲು ಒಣಗಿದ ಸೋರೆಬುರುಡೆಯಿತ್ತು; ದಡದ ಮೇಲೆ ನಿಂತು ಬೈಯಲು ಅಜ್ಜಿಯೂ ಇದ್ದಳು. ಮನೆ ಕಟ್ಟುವ ಕಷ್ಟ ಗೃಹಪ್ರವೇಶದ ದಿನ ಒಂದು ಹದಕ್ಕೆ ಬರುತ್ತದೆ. ಮದುವೆಯ ಕಷ್ಟ ಬೀಗರು ಬಸ್ಸು ಹತ್ತಿದ ಮೇಲೆ ಸಾಲದ ರೂಪಕ್ಕೆ ಇಳಿಯುತ್ತದೆ. ಈಜುಕೊಳದ ಕಷ್ಟವಾದರೋ ನೀರು ತುಂಬಿದ ದಿನವೇ ಆರಂಭ.

ಈಚೆಗೆ ನಮ್ಮ ನಗರಗಳ ಹೊರವಲಯದಲ್ಲಿ ಮನೆ ಕಟ್ಟಿಸುವ ಅನುಕೂಲಸ್ಥರಿಗೆ ಈ ಆಸೆ ಹತ್ತಿಕೊಂಡಿದೆ. ನನ್ನ ಪರಿಚಿತರೊಬ್ಬರು, ನಾನು ಹಳೆಯ ಕಟ್ಟಡಗಳ ಚರಿತ್ರೆಯನ್ನು ಓದುವವನೆಂಬ ಒಂದೇ ಕಾರಣದಿಂದ, "ಇದರಲ್ಲಿ ಏನೇನು ಎದುರಾಗುತ್ತದೆ, ಹೇಳಿ ಸ್ವಾಮಿ" ಎಂದು ಕೇಳಿದರು. ಗುತ್ತಿಗೆದಾರರ ವಿಳಾಸ ನನ್ನ ಹತ್ತಿರ ಇರಲಿಲ್ಲ. ಒಂದು ಕಥೆ ಇತ್ತು, ಅದನ್ನು ಹೇಳಿದೆ. ಹಣಕ್ಕೆ ಕೊರತೆಯಿಲ್ಲದ ಒಬ್ಬ ಯಜಮಾನ, ಕೆಲಸ ಬಲ್ಲ ಒಬ್ಬ ಶಿಲ್ಪಿ, ಒಂದು ಗುಡ್ಡ, ಒಂದು ಕೊಳ. ಇಷ್ಟು ಅನುಕೂಲವಿದ್ದ ಕಡೆ ಏನಾಯಿತೆಂದು ತಿಳಿದರೆ, ಅಷ್ಟು ಅನುಕೂಲವಿಲ್ಲದ ನಾವು ಏನನ್ನು ನಿರೀಕ್ಷಿಸಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಯಜಮಾನನ ಹೆಸರು ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್. ಅಮೆರಿಕದ ಪತ್ರಿಕಾರಂಗದ ಚಕ್ರವರ್ತಿಯೆಂದು ಹೆಸರಾದವನು. ತಂದೆ ಜಾರ್ಜ್ ಹರ್ಸ್ಟ್ ಗಣಿಗಳಿಂದ ಹಣ ಮಾಡಿ, ಕ್ಯಾಲಿಫೋರ್ನಿಯದ ಕಡಲ ಕರೆಯಲ್ಲಿ, ಸ್ಯಾನ್ ಸಿಮಿಯನ್ ಎಂಬಲ್ಲಿ, ವಿಸ್ತಾರವಾದ ಹುಲ್ಲುಗಾವಲನ್ನು ಕೊಂಡಿದ್ದ. ಸಂಸಾರದವರು ಬೇಸಗೆಯಲ್ಲಿ ಅಲ್ಲಿನ ಗುಡ್ಡದ ಮೇಲೆ ಡೇರೆ ಹೊಡೆದು ಇರುವುದು ವಾಡಿಕೆ. ೧೯೧೯ರಲ್ಲಿ ತಾಯಿ ಫೀಬಿ ತೀರಿಕೊಂಡಾಗ ಆಸ್ತಿ ಮಗನ ಕೈಗೆ ಬಂತು. ಅದೇ ವರ್ಷ ಆತ ಜೂಲಿಯ ಮಾರ್ಗನ್ ಎಂಬ ವಾಸ್ತುಶಿಲ್ಪಿಯನ್ನು ಕಂಡು, ಡೇರೆಯ ವಾಸ ಸಾಕಾಗಿದೆ, ಗುಡ್ಡದ ಮೇಲೆ ಏನಾದರೂ ಸಣ್ಣದಾಗಿ ಕಟ್ಟೋಣ ಎಂದನಂತೆ. ಆ 'ಸಣ್ಣದು' ಇಪ್ಪತ್ತೆಂಟು ವರ್ಷ ಮುಂದುವರಿದು, ನೂರಕ್ಕೂ ಹೆಚ್ಚು ಕೋಣೆಗಳ ಅರಮನೆಯಾಗಿ, ಆಗಲೂ ಮುಗಿಯದೆ ನಿಂತಿತು. ಅರಮನೆಯ ಮಾತು ನಮಗೆ ಬೇಡ. ಅದರ ಅಂಗಳದ ಕೊಳವೇ ಬೇಕಾದಷ್ಟಾಯಿತು.

ಜೂಲಿಯ ಮಾರ್ಗನ್ ವಿಷಯ ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ೧೮೭೨ರಲ್ಲಿ ಹುಟ್ಟಿದ ಈ ಹೆಣ್ಣುಮಗಳು ಬರ್ಕ್ಲಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಪ್ಯಾರಿಸ್ಸಿನ ಪ್ರಸಿದ್ಧ ಕಲಾಶಾಲೆ ಎಕೋಲ್ ದೆ ಬೋಜಾರಿನ ವಾಸ್ತುವಿಭಾಗಕ್ಕೆ ಸೇರಿದ ಮೊದಲ ಮಹಿಳೆ. ೧೯೦೪ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಾಸ್ತುಶಿಲ್ಪಿಯೆಂದು ಪರವಾನಗಿ ಪಡೆದ ಮಹಿಳೆಯರಲ್ಲಿಯೂ ಆಕೆಯೇ ಮೊದಲಿಗಳು. ಅದೇ ವರ್ಷ ಆಕೆ ಓಕ್ಲೆಂಡಿನ ಮಿಲ್ಸ್ ಕಾಲೇಜಿಗೆ ಕಬ್ಬಿಣದ ಸರಳು ಸೇರಿಸಿದ ಕಾಂಕ್ರೀಟಿನ ಗಂಟೆಗೋಪುರವೊಂದನ್ನು ಕಟ್ಟಿಸಿದಳು. ಎರಡು ವರ್ಷಕ್ಕೆ, ೧೯೦೬ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋವನ್ನು ನೆಲಸಮ ಮಾಡಿದ ಭೂಕಂಪ ಬಂತು. ಗೋಪುರ ನಿಂತೇ ಇತ್ತು. ಆಮೇಲೆ ಆಕೆಗೆ ಕೆಲಸ ಹುಡುಕಿಕೊಂಡು ಹೋಗುವ ಪ್ರಮೇಯ ಬರಲಿಲ್ಲ. ಈಜುಕೊಳಗಳೂ ಆಕೆಗೆ ಹೊಸವಲ್ಲ. ಬರ್ಕ್ಲಿಯ ಮಹಿಳೆಯರ ವ್ಯಾಯಾಮಶಾಲೆಯ ಕೊಳ, ಅಲ್ಲಿಯ ಮಹಿಳಾ ಕ್ಲಬ್ಬಿನ ಕೊಳ, ಇವೆಲ್ಲ ಆಕೆಯ ಕೈ ಸೋಕಿದವು. ವಾರವೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿಯಲ್ಲಿ ದುಡಿದು, ವಾರದ ಕೊನೆಗೆ ರಾತ್ರಿ ರೈಲು ಹತ್ತಿ, ಇಳಿದ ಮೇಲೆ ಟ್ಯಾಕ್ಸಿಯಲ್ಲಿ ಬಹುದೂರ ಸಾಗಿ, ಗುಡ್ಡದ ಮೇಲಿನ ಕೆಲಸ ನೋಡಿಕೊಂಡು ಮರಳುವುದು ಆಕೆಯ ಪರಿಪಾಠ. ಸುಮಾರು ಇಪ್ಪತ್ತು ವರ್ಷಗಳಲ್ಲಿ ಐನೂರಕ್ಕೂ ಹೆಚ್ಚು ಸಲ ಈ ಪ್ರಯಾಣ ನಡೆಯಿತು.

ಈಗ ಕೊಳ. ೧೯೨೪ರಲ್ಲಿ ಮೊದಲ ಕೊಳ ತಯಾರಾಯಿತು. ಒಂದು ಸಂಸಾರ ಈಜುವುದಕ್ಕೆ ಯಥೇಷ್ಟವಾಗಿತ್ತು. ಯಜಮಾನನಿಗೆ ಚಿಕ್ಕದಾಗಿ ಕಂಡಿತು. ಅದನ್ನು ತೆಗೆದು ಎರಡನೆಯದನ್ನು ಕಟ್ಟಿದರು. ಅದೂ ಚಿಕ್ಕದಾಯಿತು. ಮೂವತ್ತರ ದಶಕದ ನಡುವೆ, ಅಮೆರಿಕದ ಬೀದಿಗಳಲ್ಲಿ ನಿರುದ್ಯೋಗಿಗಳು ಗಂಜಿಗೆ ಸಾಲುನಿಂತಿದ್ದ ಕಾಲದಲ್ಲಿ, ಮೂರನೆಯದರ ಕೆಲಸ ನಡೆದು ೧೯೩೬ಕ್ಕೆ ಮುಗಿಯಿತು. ಈಗ ಜನ ನೋಡಲು ಹೋಗುವುದು ಈ ಮೂರನೆಯದನ್ನು. ಅದಕ್ಕೆ ನೆಪ್ಚೂನ್ ಕೊಳವೆಂದು ಹೆಸರು. ರೋಮನರ ಸಮುದ್ರದೇವ, ನಮ್ಮ ವರುಣನಿದ್ದ ಹಾಗೆ. ಉದ್ದ ೧೦೪ ಅಡಿ. ಆಳ ಒಂದು ಕಡೆ ಮೂರೂವರೆ ಅಡಿಯಿಂದ ಆರಂಭಿಸಿ ಹತ್ತು ಅಡಿಗೆ ಇಳಿಯುತ್ತದೆ. ಹಿಡಿಯುವ ನೀರು ೩,೪೫,೦೦೦ ಅಮೆರಿಕನ್ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಹದಿಮೂರು ಲಕ್ಷ ಲೀಟರು. ಒಳಮೈಗೆ ವರ್ಮಾಂಟಿನ ಅಮೃತಶಿಲೆ. ಒಂದು ಅಂಚಿಗೆ ಹಳೆಯ ರೋಮನ್ ಚೂರುಗಳನ್ನೂ ಹೊಸ ಕೆಲಸವನ್ನೂ ಸೇರಿಸಿ ನಿಲ್ಲಿಸಿದ ದೇವಾಲಯದ ಮುಖಮಂಟಪ. ನೀರನ್ನು ಬೆಚ್ಚಗಿಡಲು ಎಣ್ಣೆ ಉರಿಸುವ ಒಲೆ. ಇದು ಸಾಲದೆಂದು ಟೆನಿಸ್ ಅಂಕಣದ ಕೆಳಗೆ ಗಾಜಿನ ಹರಳು ಮತ್ತು ಬಂಗಾರ ಪದರದ ಹರಳುಗಳನ್ನು ಹೊದಿಸಿದ ಇನ್ನೊಂದು ಒಳಾಂಗಣ ಕೊಳವೂ ಉಂಟು.

ವಾಚಕರು ಇದನ್ನು ಶ್ರೀಮಂತನ ಹುಚ್ಚೆಂದು ನಕ್ಕು ಮುಂದೆ ಹೋಗಬಾರದು. ಕೊಳ ಕಟ್ಟಿಸುವವನಿಗೆ ಎದುರಾಗುವ ಮೊದಲ ಸಂಗತಿ ಇಲ್ಲಿಯೇ ಇದೆ. ಮನೆಯ ಗೋಡೆಯನ್ನು ಒಡೆದು ಕೋಣೆಯನ್ನು ಎರಡಡಿ ಹಿಗ್ಗಿಸಬಹುದು; ಕಿಟಕಿಯ ಜಾಗದಲ್ಲಿ ಬಾಗಿಲಿಡಬಹುದು. ಕೊಳ ಹಾಗಲ್ಲ. ಅದು ಒಂದೇ ತುಂಡಾದ ಪಾತ್ರೆ. ನೆಲದಡಿಯ ಕೊಳವೆ, ತಳದ ಇಳಿಜಾರು, ಅಂಚಿನ ಮಟ್ಟ ಎಲ್ಲವೂ ಒಂದಕ್ಕೊಂದು ಕಟ್ಟುಬಿದ್ದಿರುತ್ತವೆ. ಕಾಂಕ್ರೀಟು ಬಿದ್ದ ಮೇಲೆ "ಇನ್ನು ಸ್ವಲ್ಪ ಆ ಕಡೆಗೆ" ಎಂದರೆ ಒಡೆದು ಮತ್ತೆ ಕಟ್ಟುವುದೇ ದಾರಿ. ಆದುದರಿಂದ ಯಜಮಾನ ತನ್ನ ಮನಸ್ಸನ್ನು ಬದಲಾಯಿಸುವುದಾದರೆ ನಕ್ಷೆ ಕಾಗದದ ಮೇಲಿರುವಾಗ ಎಷ್ಟು ಸಲ ಬೇಕಾದರೂ ಬದಲಾಯಿಸಲಿ. ಹಗ್ಗ ಹಿಡಿದು ಸುಣ್ಣದ ಗೆರೆ ಎಳೆದ ದಿನ, ಆ ಗೆರೆಯ ಒಳಗೆ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಹೇಗೆ ತಿರುಗುತ್ತದೆ, ಪಕ್ಕದ ಮರದ ಎಲೆ ಎಲ್ಲಿ ಬೀಳುತ್ತದೆ, ಎದುರು ಮನೆಯ ಮಹಡಿಯಿಂದ ಏನು ಕಾಣುತ್ತದೆ ಎಂದು ನೋಡಲಿ. ಹರ್ಸ್ಟನಿಗೂ ಮಾರ್ಗನ್ನಳಿಗೂ ನಡುವೆ ಓಡಾಡಿದ ಕಾಗದಗಳೂ ತಂತಿಗಳೂ ಸಾವಿರಾರು. ಅವು ಇಂದಿಗೂ ಸ್ಯಾನ್ ಲೂಯಿಸ್ ಒಬಿಸ್ಪೋ ನಗರದ ವಿಶ್ವವಿದ್ಯಾಲಯದ ಪುಸ್ತಕಭಂಡಾರದಲ್ಲಿ ಭದ್ರವಾಗಿವೆ. ಬೇಕಾದುದನ್ನೆಲ್ಲ ಬರೆದು ಕೇಳುತ್ತಿದ್ದ ಯಜಮಾನ, ಎಲ್ಲಕ್ಕೂ ಬರೆದು ಉತ್ತರ ಕೊಡುತ್ತಿದ್ದ ಶಿಲ್ಪಿ. ಇಷ್ಟಾದರೂ ಮೂರು ಸಲ ಕಟ್ಟಬೇಕಾಯಿತು. ಬಾಯಿಮಾತಿನಲ್ಲಿ ಕೆಲಸ ಒಪ್ಪಿಸುವ ನಮ್ಮಂಥವರ ಪಾಡೇನು?

ಎರಡನೆಯ ಸಂಗತಿ ನೆಲ. ಸ್ಯಾನ್ ಸಿಮಿಯನ್ನಿನ ಆ ಗುಡ್ಡ ಸಮುದ್ರಮಟ್ಟದಿಂದ ಸುಮಾರು ೧,೬೦೦ ಅಡಿ ಎತ್ತರ. ಕಡಲಿನಿಂದ ಐದು ಮೈಲಿ. ಉಕ್ಕು, ಸಿಮೆಂಟು ಎಲ್ಲ ಹಡಗಿನಲ್ಲಿ ಬಂದು, ಕೆಳಗಿನ ಕಟ್ಟೆಯಲ್ಲಿ ಇಳಿದು, ತಿರುವು ರಸ್ತೆಯಲ್ಲಿ ಲಾರಿಯ ಮೇಲೆ ಹತ್ತಬೇಕು. ಅಂಥ ಇಳಿಜಾರಿನಲ್ಲಿ, ಭೂಕಂಪದ ಸೀಮೆಯಲ್ಲಿ, ಹದಿಮೂರು ನೂರು ಟನ್ ತೂಕದ ನೀರನ್ನು ಕೂರಿಸುವುದು ಹುಡುಗಾಟವಲ್ಲ. ಮಾರ್ಗನ್ ಸರಳುಗೂಡಿದ ಕಾಂಕ್ರೀಟಿನ ಬಲವನ್ನು ನಂಬಿ ಅದನ್ನು ಕೂರಿಸಿದಳು. ೨೦೦೩ರ ಡಿಸೆಂಬರಿನಲ್ಲಿ ಸ್ಯಾನ್ ಸಿಮಿಯನ್ನಿನ ಹತ್ತಿರವೇ ಕೇಂದ್ರವಿದ್ದ, ೬.೫ ಪ್ರಮಾಣದ ಭೂಕಂಪ ಸಂಭವಿಸಿತು. ಹತ್ತಿರದ ಪಾಸೋ ರೋಬಲ್ಸ್ ಊರಿನಲ್ಲಿ ಹಳೆಯ ಕಟ್ಟಡ ಉರುಳಿ ಇಬ್ಬರು ಸತ್ತರು. ಗುಡ್ಡದ ಮೇಲೆ ಮಾರ್ಗನ್ ಕಟ್ಟಿದ್ದು ನಿಂತಿತು.

ನೀರು ತುಂಬಿದ ಕೊಳದ ಭಾರವನ್ನು ಎಲ್ಲರೂ ಊಹಿಸಬಲ್ಲರು. ಬರಿದಾದ ಕೊಳದ ಅಪಾಯ ಮಾತ್ರ ಹಲವರಿಗೆ ಹೊಳೆಯುವುದಿಲ್ಲ. ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ಕುಡಿದು ನಿಂತಾಗ, ಒಳಗೆ ನೀರಿಲ್ಲದ ಕೊಳ ದೋಣಿಯಂತಾಗುತ್ತದೆ. ಕೆಳಗಿನ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ, ಗುತ್ತಿಗೆದಾರನ ಆಳುಗಳು ತೊಳೆಯಲೆಂದು ಆಷಾಢದ ಮಳೆಯಲ್ಲಿ ಕೊಳವನ್ನು ಪೂರ್ತಿ ಬರಿದು ಮಾಡಿ ಹೋದರು. ಮರುದಿನ ಬೆಳಗ್ಗೆ ನೋಡಿದರೆ ಆಳದ ಕಡೆಯ ಅಂಚು ನೆಲದಿಂದ ಒಂದು ಗೇಣು ಎದ್ದು ನಿಂತಿತ್ತು. ತಳದ ಮೋರಿಯ ಹತ್ತಿರ, ಹೊರಗಿನ ನೀರಿನ ಒತ್ತಡ ಹೆಚ್ಚಿದಾಗ ತಾನಾಗಿ ತೆರೆದುಕೊಳ್ಳುವ ಒಂದು ಸಣ್ಣ ಕವಾಟವಿಟ್ಟಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಮಣ್ಣು ಎಂಥದು, ಅಡಿಯಲ್ಲಿ ಬಂಡೆಯಿದೆಯೆ, ಮಳೆಗಾಲದಲ್ಲಿ ನೀರು ಎಷ್ಟು ಮೇಲಕ್ಕೆ ಬರುತ್ತದೆ, ಇದನ್ನೆಲ್ಲ ಅಗೆಯುವ ಮೊದಲು ಪರೀಕ್ಷಿಸಿದ ಗುತ್ತಿಗೆದಾರನ ಅಂದಾಜುಪಟ್ಟಿ ದುಬಾರಿಯಾಗಿ ಕಂಡರೂ ಅದೇ ಅಗ್ಗದ್ದು.

ಹರ್ಸ್ಟನಂಥವರ ಸ್ವತ್ತಾಗಿದ್ದ ಈ ಭೋಗ ಸಾಮಾನ್ಯ ಗೃಹಸ್ಥನ ಹಿತ್ತಿಲಿಗೆ ಬಂದ ಬಗೆ ಬಲು ಸೋಜಿಗದ್ದು. ಅದಕ್ಕೆ ಕಾರಣನಾದವನು ಇಂಜಿನಿಯರನಲ್ಲ, ಈಜುಗಾರನೂ ಅಲ್ಲ. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಟ್ಟು ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಗುಂಪಾಗಿ ನಿಂತಿರುವ ಆಫ್ರಿಕದ ಆನೆಗಳು ಆತನ ಕೈಕೆಲಸ. ಅದಕ್ಕೆ ಮೊದಲು ಆತ ಷಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿದ್ದ. ಆ ಸಂಗ್ರಹಾಲಯ ಆಗ ಇದ್ದುದು ೧೮೯೩ರ ಮಹಾಪ್ರದರ್ಶನಕ್ಕೆಂದು ಕಟ್ಟಿದ ಕಟ್ಟಡದಲ್ಲಿ. ಅದರ ಹೊರಗಿನ ಗಿಲಾವು ಉದುರತೊಡಗಿತ್ತು. ೧೯೦೭ರ ಸುಮಾರಿನಲ್ಲಿ ಏಕ್ಲಿ ಒಂದು ಯಂತ್ರ ಮಾಡಿದ. ಒಣ ಸಿಮೆಂಟು ಮರಳನ್ನು ಒತ್ತುಗಾಳಿಯಿಂದ ಕೊಳವೆಯೊಳಗೆ ನೂಕಿ, ಮೂತಿಯ ಬಳಿ ನೀರು ಬೆರೆಸಿ, ಗೋಡೆಗೆ ಹೊಡೆಯುವುದು. ಬಂದೂಕಿನ ಹಾಗೆ. ೧೯೧೧ರಲ್ಲಿ ಅದಕ್ಕೆ ಹಕ್ಕುಪತ್ರ ಸಿಕ್ಕಿತು. ಅಲೆನ್‌ಟೌನಿನ ಒಂದು ಕಂಪನಿ ಅದನ್ನು ತಯಾರಿಸಿ, ಹೊರಬರುವ ಗಾರೆಗೆ 'ಗನೈಟ್' ಎಂದು ಹೆಸರಿಟ್ಟಿತು.

ಇದರಿಂದ ಕೊಳಕ್ಕೇನಾಯಿತು? ಹಿಂದೆ ಕಾಂಕ್ರೀಟಿನ ಗೋಡೆ ಎಬ್ಬಿಸಬೇಕಾದರೆ ಎರಡೂ ಕಡೆ ಹಲಗೆಯ ಅಚ್ಚು ಕಟ್ಟಬೇಕಿತ್ತು. ಹಲಗೆ ನೆಟ್ಟಗಿರುತ್ತದೆ, ಆದುದರಿಂದ ಕೊಳವೂ ನೆಟ್ಟಗೆ, ಚೌಕವಾಗಿ ಇರುತ್ತಿತ್ತು. ಬಡಗಿಯ ಕೂಲಿಯೇ ಅರ್ಧ ಖರ್ಚು ನುಂಗುತ್ತಿತ್ತು. ಗನೈಟಿನ ಬಂದೂಕು ಬಂದಮೇಲೆ ಗುಂಡಿಯ ಮಣ್ಣೇ ಅಚ್ಚಾಯಿತು. ಬೇಕಾದ ಆಕಾರಕ್ಕೆ ಮಣ್ಣು ಕೆತ್ತಿ, ಸರಳಿನ ಬಲೆ ಹೆಣೆದು, ಮೇಲೆ ಗಾರೆ ಹೊಡೆದರೆ ಮುಗಿಯಿತು. ಬಾಳೆಯೆಲೆಯಂತೆ, ಗೋಡಂಬಿಯಂತೆ, ಮನಸ್ಸಿಗೆ ಬಂದಂತೆ ಕೊಳ ಬಾಗಬಹುದು, ಅದೂ ಅಗ್ಗವಾಗಿ. ಎರಡನೆಯ ಮಹಾಯುದ್ಧ ಮುಗಿದು, ಸೈನಿಕರು ಮನೆಗೆ ಮರಳಿ, ಕ್ಯಾಲಿಫೋರ್ನಿಯದ ಊರಾಚೆಗಳಲ್ಲಿ ಸಾಲದ ಮೇಲೆ ಮನೆಗಳೆದ್ದಾಗ, ಹಿಂದೆ ಸಿನಿಮಾ ತಾರೆಯರ ಬಂಗಲೆಗಳಲ್ಲಿ ಮಾತ್ರ ಕಾಣುತ್ತಿದ್ದ ಕೊಳ ಗುಮಾಸ್ತೆಯ ಹಿತ್ತಿಲಿಗೂ ಬಂದಿತು.

ಈ ಹೊಸ ಬಗೆಯಲ್ಲಿ ಎಲ್ಲರೂ ನೋಡಿ ಅನುಕರಿಸಿದ ಕೊಳವೊಂದಿದೆ. ಸೊನೋಮ ಪ್ರಾಂತದಲ್ಲಿ, ಸ್ಯಾನ್ ಪಾಬ್ಲೊ ಕೊಲ್ಲಿಯ ಉಪ್ಪುಜವುಗನ್ನು ನೋಡುವ ಒಂದು ದಿಬ್ಬದ ಮೇಲೆ, ಡಾನೆಲ್ ಮನೆತನದವರಿಗಾಗಿ ೧೯೪೮ರಲ್ಲಿ ಥಾಮಸ್ ಚರ್ಚ್ ಎಂಬ ಉದ್ಯಾನಶಿಲ್ಪಿ ಮಾಡಿದ್ದು. ಲಾರೆನ್ಸ್ ಹಾಲ್ಪ್ರಿನ್ ಆತನ ಜೊತೆ ಕೆಲಸ ಮಾಡಿದ. ಕೆಳಗೆ ಜವುಗಿನಲ್ಲಿ ಉಪ್ಪುನೀರಿನ ಕಾಲುವೆಗಳು ಹಾವಿನಂತೆ ಬಳುಕುತ್ತವೆ. ಅದೇ ಬಳುಕು ಮೇಲಿನ ಕೊಳದ ಅಂಚಿನಲ್ಲಿಯೂ ಇದೆ. ನಡುವೆ ಆಡಲೀನ್ ಕೆಂಟ್ ಎಂಬ ಶಿಲ್ಪಿ ಮಾಡಿದ ಕಾಂಕ್ರೀಟಿನ ಒಂದು ಸಣ್ಣ ದ್ವೀಪ. ಅದರಲ್ಲಿ ನೀರಿನಡಿ ಒಂದು ತೂತು. ಮುಳುಗಿ ಈಜುವವರು ಅದರೊಳಗಿಂದ ನುಸುಳಿ ಹೋಗಬಹುದು. ಚಿತ್ರ ನೋಡಿದವರೆಲ್ಲ ತಮಗೂ ಗೋಡಂಬಿ ಆಕಾರದ ಕೊಳ ಬೇಕೆಂದರು. ತಮ್ಮ ಹಿತ್ತಿಲಿನ ಕೆಳಗೆ ಜವುಗು ಇಲ್ಲ, ಕಾಲುವೆ ಇಲ್ಲ ಎಂಬುದನ್ನು ಅವರು ಗಮನಿಸಲಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದು ಕೊಳ ಚೆನ್ನಾಗಿದೆಯೆಂದರೆ ಅದರ ಸುತ್ತಲಿನ ನೆಲಕ್ಕೆ ಅದು ಹೊಂದಿದೆಯೆಂದರ್ಥ. ಬೇರೆಯವರ ಕೊಳದ ಚಿತ್ರವನ್ನು ಕತ್ತರಿಸಿ ಮೇಸ್ತ್ರಿಯ ಕೈಗೆ ಕೊಡುವವರು ಈ ಡಾನೆಲ್ ಕೊಳದ ಎದುರಿನ ಜವುಗನ್ನು ಒಮ್ಮೆ ನೆನೆಯಬೇಕು.

ಕೆಲಸದ ವಿವರಕ್ಕೆ ಬರುತ್ತೇನೆ. ಅಗೆದದ್ದು ಒಂದೆರಡು ದಿನ. ಆಮೇಲೆ ಸರಳು ಹೆಣೆಯುವವರು, ಕೊಳವೆಯವರು, ವಿದ್ಯುತ್ತಿನವರು ಒಬ್ಬರಾದ ಮೇಲೊಬ್ಬರು ಬರುತ್ತಾರೆ, ಅಥವಾ ಬರುವುದಿಲ್ಲ. ಕೊಳ ಕಟ್ಟಿಸಿದವರು ಎಲ್ಲ ದೇಶದಲ್ಲಿಯೂ ಹೇಳುವ ಮಾತೆಂದರೆ, ಕೆಲಸಕ್ಕಿಂತ ಕೆಲಸಗಳ ನಡುವಣ ಬಿಡುವೇ ಹೆಚ್ಚು ದಿನ ಎಂಬುದು. ಕೊಳವೆಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸುವ ಮೊದಲು ಒತ್ತಡ ಕೊಟ್ಟು ಸೋರುವಿಕೆ ಪರೀಕ್ಷಿಸಬೇಕು. ಆಮೇಲೆ ಸೋರಿದರೆ ಹುಡುಕುವುದೆಲ್ಲಿ? ನೀರಿನ ಸುತ್ತಣ ಲೋಹವನ್ನೆಲ್ಲ ಒಂದಕ್ಕೊಂದು ತಂತಿಯಿಂದ ಬೆಸೆಯಬೇಕು. ಒದ್ದೆ ಮೈಯ ಮನುಷ್ಯನಿಗೆ ವಿದ್ಯುತ್ತು ಕ್ಷಮೆ ತೋರುವುದಿಲ್ಲ. ಗಾರೆ ಹೊಡೆದ ಮೇಲೆ ದಿನವೂ ನೀರುಣಿಸಬೇಕು. ನಮ್ಮಲ್ಲಿ ತಾರಸಿಗೆ ಮಾಡುವ ಉಪಚಾರವೇ. ಕಾಂಕ್ರೀಟು ತನ್ನ ಪೂರ್ಣ ಬಲದ ಹತ್ತಿರಕ್ಕೆ ಬರಲು ೨೮ ದಿನ ಎಂಬ ಲೆಕ್ಕ ಮೇಸ್ತ್ರಿಗಳಿಗೆಲ್ಲ ಗೊತ್ತು. ಯಜಮಾನರಿಗೆ ಮಾತ್ರ ಅಷ್ಟು ದಿನ ಸೈರಣೆ ಇರುವುದಿಲ್ಲ. ಕೊನೆಗೆ ಒಳಮೈಯ ಗಿಲಾವು ಆದ ಕೂಡಲೇ ನೀರು ಬಿಡುತ್ತಾರೆ. ಬಿಟ್ಟ ನೀರನ್ನು ನಡುವೆ ನಿಲ್ಲಿಸಬಾರದು. ನಿಂತರೆ ನಿಂತಲ್ಲಿ ಹಸಿ ಗಿಲಾವಿನ ಮೇಲೆ ಗೆರೆಯೊಂದು ಬಿದ್ದು, ಕೊಳ ಇರುವವರೆಗೂ ಇರುತ್ತದೆ. ರಾತ್ರಿ ನಲ್ಲಿ ನಿಲ್ಲುವ ನಮ್ಮ ಊರುಗಳಲ್ಲಿ ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳಿತು.

ಬೇಲಿಯ ಮಾತನ್ನು ಬಹುಮಂದಿ ಕೊನೆಗೆ ಎತ್ತುತ್ತಾರೆ, ನೋಟ ಕೆಡುತ್ತದೆಂದು ಬಿಟ್ಟೂ ಬಿಡುತ್ತಾರೆ. ಕ್ಯಾಲಿಫೋರ್ನಿಯದಲ್ಲಿ ಹೊಸದಾಗಿ ಕಟ್ಟುವ ಮನೆಗೊಳಗಳಿಗೆ ಬೇಲಿಯೇ ಮೊದಲಾದ ರಕ್ಷಣೆ ಇರಲೇಬೇಕೆಂದು ಕಾನೂನಿದೆ. ಅಂಬೆಗಾಲಿಡುವ ಮಗು ಮುಳುಗುವಾಗ ಸದ್ದಾಗುವುದಿಲ್ಲ. ಬೇಲಿಯ ಬಾಗಿಲು ತಾನಾಗಿ ಮುಚ್ಚಿಕೊಂಡು, ಚಿಲಕ ಮಗುವಿನ ಕೈಗೆ ಎಟುಕದಂತಿರಬೇಕು. ಇದಕ್ಕೆ ಹಣ ಉಳಿಯದಿದ್ದರೆ ಕೊಳಕ್ಕೂ ಹಣವಿಲ್ಲವೆಂದೇ ತಿಳಿಯಬೇಕು.

ಇನ್ನು ನೀರು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಕೊಳದ ನೀರು ಕೆಟ್ಟಾಗ ಚೆಲ್ಲಿ ಹೊಸ ನೀರು ತುಂಬುವುದೊಂದೇ ಉಪಾಯವಾಗಿತ್ತು. ಅಮೆರಿಕದ ಜರ್ಸಿ ನಗರದಲ್ಲಿ ೧೯೦೮ರಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಕ್ರಮ ನೆಲೆಗೊಂಡಿತು; ಸ್ವಲ್ಪ ಕಾಲದಲ್ಲೇ ಈಜುಕೊಳಗಳಿಗೂ ಅದು ಬಂತು. ಈಗ ನೀರು ಚೆಲ್ಲುವುದಿಲ್ಲ, ಸೋಸುತ್ತಾರೆ. ಪಂಪು ದಿನಕ್ಕೆ ಕೆಲವು ಗಂಟೆ ಓಡಬೇಕು, ಮರಳಿನ ಸೋಸುಪಾತ್ರೆಯನ್ನು ತೊಳೆಯಬೇಕು. ನೀರಿನ ಹುಳಿ ಒಗರನ್ನು ಅಳೆದು ಪಿ ಎಚ್ ೭.೨ರಿಂದ ೭.೮ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಎರಡು ದಿನ ಊರಿಗೆ ಹೋಗಿ ಬಂದರೆ ಪಾಚಿ ಹಸುರಾಗಿ ನಗುತ್ತಿರುತ್ತದೆ. ಮನೆಯಲ್ಲೊಂದು ಹಸು ಕಟ್ಟಿದವರಿಗೆ ಈ ಜೀತದ ಸ್ವರೂಪ ಬೇಗ ಅರ್ಥವಾದೀತು, ಹಾಲು ಮಾತ್ರ ಇಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಮೂವತ್ತೆರಡು ಅಡಿ ಉದ್ದ, ಹದಿನಾರು ಅಡಿ ಅಗಲ, ಸರಾಸರಿ ಐದಡಿ ಆಳ. ಮಧ್ಯಮ ಗಾತ್ರದ ಮನೆಗೊಳ. ಅದು ಹಿಡಿಯುವ ನೀರು ಸುಮಾರು ೭೨,೫೦೦ ಲೀಟರು. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಹನ್ನೆರಡು. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರು ಆವಿಯಾಯಿತೆಂದರೆ ದಿನವೂ ೨೩೦ ಲೀಟರಿಗೂ ಹೆಚ್ಚು, ಎಂದರೆ ತಿಂಗಳಿಗೊಂದು ಟ್ಯಾಂಕರಿಗಿಂತ ಹೆಚ್ಚು, ಯಾರೂ ಈಜದೆ, ಎಲ್ಲಿಯೂ ಸೋರದೆ ಆಕಾಶಕ್ಕೆ ಹೋಗುತ್ತದೆ. ಮೇಲೊಂದು ಹೊದಿಕೆ ಹಾಸಿದರೆ ಬಹುಪಾಲು ಉಳಿದೀತು. ೨೦೨೪ರ ಮಾರ್ಚಿಯಲ್ಲಿ, ಕೊಳವೆಬಾವಿಗಳು ಬತ್ತಿ ಬೆಂಗಳೂರು ಬಾಯಾರಿದಾಗ, ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿತು. ಮೀರಿದವರಿಗೆ ೫,೦೦೦ ರೂಪಾಯಿ ದಂಡ. ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿಸಿ ತಂದ ಕಾವೇರಿ ನೀರು ಯಾರ ಬಿಂದಿಗೆಗೆ ಮೊದಲು ಎಂಬ ಪ್ರಶ್ನೆ ಆಗ ಹಿತ್ತಿಲಿಗೂ ಬಂದು ನಿಂತಿತು.

ಕ್ಯಾಲಿಫೋರ್ನಿಯಕ್ಕೆ ಈ ಪ್ರಶ್ನೆ ಮೊದಲೇ ಬಂದಿತ್ತು. ೧೯೭೬–೭೭ರ ಕ್ಷಾಮದಲ್ಲಿ ಅಲ್ಲಿ ಕೊಳಗಳು ಬರಿದಾದುವು. ಸಾಂತ ಮೋನಿಕದ ಪಡ್ಡೆ ಹುಡುಗರು ಗಾಲಿಯ ಹಲಗೆಗಳನ್ನು ಹಿಡಿದು, ಯಜಮಾನರಿಲ್ಲದ ಹೊತ್ತು ನೋಡಿ ಬೇಲಿ ಹಾರಿ, ಒಣಕೊಳದ ಬಾಗಿದ ಗೋಡೆಗಳ ಮೇಲೆ ಅಲೆಯ ಮೇಲೆ ತೇಲುವವರಂತೆ ಏರಿಳಿದರು. ಇಂದು ಒಲಿಂಪಿಕ್ಸಿನವರೆಗೂ ಹೋಗಿರುವ ಆ ಆಟದ ಒಂದು ಬಗೆ ಹುಟ್ಟಿದ್ದು ಹೀಗೆ, ಬರಿದಾದ ಮನೆಗೊಳದಲ್ಲಿ. ಆನೆಯ ಚರ್ಮ ಹದಮಾಡುತ್ತಿದ್ದ ಏಕ್ಲಿಯ ಬಂದೂಕು ಗೋಡೆಯನ್ನು ಬಾಗಿಸದಿದ್ದರೆ ಈ ಆಟಕ್ಕೆ ಎಡೆಯೇ ಇರುತ್ತಿರಲಿಲ್ಲ.

ಹರ್ಸ್ಟನ ಕಥೆಯ ಉಳಿದ ಭಾಗ ಇಷ್ಟು. ಕೊಳ ಮುಗಿದದ್ದು ೧೯೩೬ರಲ್ಲಿ. ೧೯೩೭ರಲ್ಲಿ ಆತನ ಸಾಲದ ಹೊರೆ ಮಿತಿ ಮೀರಿ, ಹಣದ ಹಿಡಿತ ಬೇರೆಯವರ ಕೈಗೆ ಹೋಯಿತು. ಗುಡ್ಡದ ಮೇಲಿನ ಕೆಲಸ ನಿಂತಿತು. ಹನ್ನೆರಡು ವರ್ಷ ಕಟ್ಟಿ ಕೆಡವಿ ಕಟ್ಟಿದ ಕೊಳವನ್ನು ನಿಶ್ಚಿಂತೆಯಿಂದ ಅನುಭವಿಸಲು ಆತನಿಗೆ ಸಿಕ್ಕಿದ್ದು ಒಂದು ವರ್ಷ. ಯುದ್ಧದ ಕಾಲದಲ್ಲಿ, ಕಡಲ ತೀರ ಅಪಾಯವೆಂದು, ಉತ್ತರದ ಕಾಡಿನಲ್ಲಿದ್ದ ಇನ್ನೊಂದು ಎಸ್ಟೇಟಿನಲ್ಲಿ ಇದ್ದ. ಮರಳಿ ಬಂದರೂ ೧೯೪೭ರಲ್ಲಿ ಎದೆಯ ಬೇನೆಯಿಂದ ಗುಡ್ಡ ಇಳಿದವನು ಮತ್ತೆ ಹತ್ತಲಿಲ್ಲ. ೧೯೫೧ರಲ್ಲಿ ತೀರಿಕೊಂಡ. ಮಾರ್ಗನ್ ಆರು ವರ್ಷ ಹೆಚ್ಚು ಬದುಕಿದಳು. ೧೯೫೮ರಿಂದ ಆ ಸ್ಥಳ ಕ್ಯಾಲಿಫೋರ್ನಿಯ ಸರ್ಕಾರದ ಆಶ್ರಯದಲ್ಲಿ ಜನರಿಗೆ ತೆರೆದಿದೆ.

ಸರ್ಕಾರಕ್ಕೂ ಕೊಳ ತನ್ನ ಗುಣ ತೋರಿಸದೆ ಬಿಡಲಿಲ್ಲ. ಸಣ್ಣ ಬಿರುಕುಗಳಿಂದ ದಿನಕ್ಕೆ ಸಾವಿರಾರು ಗ್ಯಾಲನ್ ಸೋರತೊಡಗಿತು. ಗುಡ್ಡದ ನೀರೆಲ್ಲ ಬೆಟ್ಟದ ಚಿಲುಮೆಗಳಿಂದ ಬರುವಂಥದು. ಕ್ಷಾಮದಿಂದ ಚಿಲುಮೆಗಳು ಸೊರಗಿದ್ದುವು. ೨೦೧೪ರಲ್ಲಿ ಕೊಳವನ್ನು ಬರಿದು ಮಾಡಿದರು. ನಾಲ್ಕು ವರ್ಷ ಯಾತ್ರಿಕರು ಆ ಮಂಟಪದ ಮುಂದೆ ನಿಂತು ಒಣ ಗುಂಡಿಯನ್ನು ನೋಡಿ ಮರಳಿದರು. ಅಮೃತಶಿಲೆಯ ಹಾಸನ್ನು ಎಬ್ಬಿಸಿ, ಅಡಿಯಲ್ಲಿ ನೀರು ನುಗ್ಗದಂತೆ ಪದರ ಬಳಿದು, ಮತ್ತೆ ಶಿಲೆ ಹಾಸಿ, ೨೦೧೮ರ ಬೇಸಗೆಯಲ್ಲಿ ನೀರು ಬಿಟ್ಟರು. ಸಾಮಾನ್ಯ ಯಾತ್ರಿಕರು ಅಂಚಿನಲ್ಲಿ ನಿಂತು ನೋಡಬಹುದು; ನೀರಿಗೆ ಇಳಿಯುವಂತಿಲ್ಲ.